ಕವಾಟದ ರಿಪೇರಿಗೆ ಮುನ್ನ

ಹೃದಯದ ಆಪರೇಷನ್ನಿಗೆ ಸಿದ್ಧತೆ ಎಲ್ಲಿಂದ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನೀಗ ಧೈರ್ಯವಾಗಿ ಹೇಳಬಲ್ಲೆ: ದವಡೆಯ ಹಲ್ಲಿನಿಂದ. ತಮಾಷೆಗೆ ಹೇಳುತ್ತಿಲ್ಲ. ಕಳೆದ ಐದು ತಿಂಗಳಲ್ಲಿ ನಾನು ಹೃದಯದ ಡಾಕ್ಟರನ್ನು ಕಂಡದ್ದು ನಾಲ್ಕು ಸಲ. ಹಲ್ಲಿನವರು, ಸಕ್ಕರೆ ಕಾಯಿಲೆಯವರು, ಮೂಲವ್ಯಾಧಿಯವರು, ಮೂತ್ರಪಿಂಡದವರು, ಇವರನ್ನೆಲ್ಲ ಕಂಡದ್ದು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಕೆಟ್ಟಿರುವುದು ಒಂದು ಕವಾಟ. ಆದರೆ ಅದನ್ನು ಬದಲಿಸಬೇಕಾದರೆ ಇಡೀ ದೇಹವೇ ಪರೀಕ್ಷೆಗೆ ಹಾಜರಾಗಬೇಕು.

ನಾನು ಜಯನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು ಐವತ್ತಾರು. ಹೃದಯದ ಪಾಠವನ್ನು ಸುಮಾರು ಮೂವತ್ತು ವರ್ಷ ಮಾಡಿದ್ದೇನೆ. ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ನಡುವೆ ದ್ವಿದಳ ಕವಾಟ ಎಂದು ಕಪ್ಪುಹಲಗೆಯ ಮೇಲೆ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದೇನೆ. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಅಷ್ಟು ಸಲವೂ ಈ ಕವಾಟಗಳು ತೆರೆದು ಮುಚ್ಚಬೇಕು. ಸ್ಟೆತಾಸ್ಕೋಪಿನಲ್ಲಿ ಕೇಳಿಸುವ 'ಲಬ್-ಡಬ್' ಎಂಬ ಸದ್ದು ಕವಾಟಗಳು ಮುಚ್ಚಿಕೊಳ್ಳುವಾಗ ಬರುವಂಥದು. ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ಎದೆಯೊಳಗಿನ ದ್ವಿದಳ ಕವಾಟ ನಿಧಾನವಾಗಿ ದಪ್ಪಗಾಗುತ್ತ, ಅಂಚುಗಳಲ್ಲಿ ಅಂಟಿಕೊಳ್ಳುತ್ತ ಇತ್ತು.

ಸುಳಿವು ಸಿಕ್ಕಿದ್ದು ರಾಗಿಗುಡ್ಡದ ಮೆಟ್ಟಿಲುಗಳ ಮೇಲೆ. ಶನಿವಾರ ಆಂಜನೇಯನ ದರ್ಶನಕ್ಕೆ ಹೋಗುವುದು ನಮ್ಮ ಮನೆಯ ಹಳೆಯ ಪದ್ಧತಿ. ಒಂದೇ ಉಸಿರಿಗೆ ಹತ್ತುತ್ತಿದ್ದವನು ಮಧ್ಯೆ ನಿಲ್ಲತೊಡಗಿದೆ. ಆಮೇಲೆ ಎರಡು ಕಡೆ ನಿಲ್ಲತೊಡಗಿದೆ. "ರೀ, ನಿಮಗೆ ವಯಸ್ಸಾಯಿತು" ಎಂದು ನಗುತ್ತಿದ್ದ ನನ್ನ ಶ್ರೀಮತಿ, ರಾತ್ರಿ ಮಲಗಿದರೆ ಉಸಿರು ಕಟ್ಟಿ ನಾನು ಎದ್ದು ಕೂರತೊಡಗಿದಾಗ ನಗುವುದನ್ನು ನಿಲ್ಲಿಸಿದಳು. ಆ ಗುಡ್ಡಕ್ಕೆ ಹತ್ತಿರದಲ್ಲೇ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಹಿಂದೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದ್ದ, ರಾಜ್ಯ ಸರ್ಕಾರದ ಈ ಸ್ವಾಯತ್ತ ಸಂಸ್ಥೆಯ ಹೆಸರನ್ನು ಕೇಳದ ಕನ್ನಡಿಗರು ಕಡಿಮೆ. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ನನ್ನಂಥ ಬನಶಂಕರಿಯವರಿಗೆ ಅಲ್ಲಿಗೆ ಹೋಗುವುದು ಸುಲಭ. ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ ರಾಗಿಗುಡ್ಡ, ಅದಾದ ಮೇಲೆ ಜಯದೇವ. ಗುಡ್ಡ ಹತ್ತಲಾಗದವನು ಈಗ ಗುಡ್ಡದ ನಿಲ್ದಾಣವನ್ನು ದಾಟಿ ಆಸ್ಪತ್ರೆಯಲ್ಲಿ ಇಳಿಯುತ್ತೇನೆ.

ಎಕೋ ಪರೀಕ್ಷೆಯಲ್ಲಿ ಎಲ್ಲ ಸ್ಪಷ್ಟವಾಯಿತು. ದ್ವಿದಳ ಕವಾಟದ ಬಾಯಿ ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಹಳೆಯ ಸ್ಟೀಲಿನ ಒಂದು ರೂಪಾಯಿ ನಾಣ್ಯವನ್ನು ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅಷ್ಟು. ನನ್ನದು 0.9ಕ್ಕೆ ಇಳಿದಿತ್ತು. ಅಂದರೆ ಅಂಗಿಯ ಗುಂಡಿಯಷ್ಟು. ಅಷ್ಟು ಕಿರಿದಾದ ಬಾಯಲ್ಲಿ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತ ಹಾಯಬೇಕೆಂದರೆ ಹಿಂದಿನ ಕೋಣೆಯಲ್ಲಿ ಒತ್ತಡ ಏರುತ್ತದೆ, ಅದು ಶ್ವಾಸಕೋಶಕ್ಕೆ ತಗಲುತ್ತದೆ, ಉಸಿರು ಕಟ್ಟುತ್ತದೆ. ಜೊತೆಗೆ ಹಿಗ್ಗಿದ ಹೃತ್ಕರ್ಣ ತಾಳ ತಪ್ಪಿ ಅದುರತೊಡಗಿತ್ತು. ಹಾಗೆ ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಚೂರು ಮಿದುಳಿಗೆ ಹೋದರೆ ಲಕ್ವ. ಅದಕ್ಕಾಗಿ ಅಂದಿನಿಂದಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಶುರುವಾಯಿತು.

ಎದೆ ಕೊಯ್ಯದೆ ಕಾಲಿನ ರಕ್ತನಾಳದ ಮೂಲಕ ಬಲೂನು ತೂರಿಸಿ ಕವಾಟವನ್ನು ಬಿಡಿಸುವ ಒಂದು ವಿಧಾನವಿದೆ. ಜಪಾನಿನ ಕಾಂಜಿ ಇನೋಯೆ ಎಂಬ ವೈದ್ಯರು 1982ರಲ್ಲಿ ಮೊದಲು ಮಾಡಿದ್ದು. ನಮ್ಮ ದೇಶದಲ್ಲಿ ಅದರಿಂದ ಬದುಕಿಕೊಂಡವರು ಅಸಂಖ್ಯಾತ. ನನಗೂ ಅದೇ ಸಾಕಾದೀತೆಂದು ಆಸೆಪಟ್ಟೆ. ಆದರೆ ಕವಾಟದ ದಳಗಳಲ್ಲಿ ಸುಣ್ಣ ಕಟ್ಟಿತ್ತು, ಮುಚ್ಚುವಾಗ ಸೋರಿಕೆಯೂ ಇತ್ತು. ಅಂಥ ಕವಾಟವನ್ನು ಬಲೂನಿನಿಂದ ಬಿಡಿಸಲು ಹೋದರೆ ಹರಿದೀತು. "ಮೇಷ್ಟ್ರೇ, ಬದಲಿಸುವುದೇ ದಾರಿ" ಎಂದರು ಡಾಕ್ಟರು.

ಇದು ಬಂದದ್ದು ಎಲ್ಲಿಂದ? ಹುಡುಕುತ್ತ ಹೋದರೆ ನಲವತ್ತೈದು ವರ್ಷ ಹಿಂದಕ್ಕೆ, ಮಧುಗಿರಿಯ ಕಡೆಯ ನಮ್ಮ ಹಳ್ಳಿಗೆ ಹೋಗಬೇಕು. ನನಗಾಗ ಹನ್ನೊಂದು ವರ್ಷ. ಗಂಟಲು ನೋವು, ಜ್ವರ ಬಂತು, ಹೋಯಿತು. ಎರಡು ಮೂರು ವಾರದ ಮೇಲೆ ಒಂದು ಮಂಡಿ ಊದಿಕೊಂಡಿತು. ಅದು ಇಳಿಯುವಷ್ಟರಲ್ಲಿ ಇನ್ನೊಂದು ಮಂಡಿ, ಆಮೇಲೆ ಮೊಣಕೈ. ಅಜ್ಜಿ ಹರಳೆಣ್ಣೆ ಕಾಯಿಸಿ ಹಚ್ಚಿದಳು. ಊರಿನವರೆಲ್ಲ ವಾತ ಎಂದರು. ತಿಂಗಳೊಪ್ಪತ್ತಿನಲ್ಲಿ ಗುಣವಾಗಿ ನಾನು ಮತ್ತೆ ಲಗೋರಿ ಆಡತೊಡಗಿದೆ. ಅದು ರುಮ್ಯಾಟಿಕ್ ಜ್ವರವೆಂದು ಹೇಳಬಲ್ಲವರು ಹತ್ತಿರದಲ್ಲಿ ಯಾರೂ ಇರಲಿಲ್ಲ.

ಈ ಜ್ವರದ ವಿಚಿತ್ರವನ್ನು ತಂದೆತಾಯಿಯರು ತಿಳಿದಿರಬೇಕು. ಗಂಟಲಿಗೆ ಸೋಂಕು ತರುವುದು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ. ಅದನ್ನು ಕೊಲ್ಲಲು ದೇಹ ತಯಾರಿಸುವ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ತಮ್ಮದೇ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಶತ್ರುವೆಂದು ತಪ್ಪು ತಿಳಿದು ಮೇಲೆ ಬೀಳುತ್ತವೆ. ಕೀಲು ನೋವು ಗುರುತುಳಿಸದೆ ಹೋಗುತ್ತದೆ. ಕವಾಟಕ್ಕೆ ಬಿದ್ದ ಪೆಟ್ಟು ಉಳಿಯುತ್ತದೆ. ಹತ್ತು, ಇಪ್ಪತ್ತು, ಕೆಲವರಲ್ಲಿ ನಲವತ್ತು ವರ್ಷ ಬಿಟ್ಟು ಅದು ಲೆಕ್ಕ ಕೇಳುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲೇ ಇದು ಹೆಚ್ಚು. ಅಂದರೆ ನಮ್ಮ ಬೆಂಚುಗಳ ಮೇಲೆ ಕೂತಿರುವ ವಯಸ್ಸಿನವರಲ್ಲಿ.

ಇನ್ನು ಸಿದ್ಧತೆಯ ಮಾತು. ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಕೊಳ್ಳೋಣ ಎಂದು ಹೋದವನ ಕೈಗೆ ಡಾಕ್ಟರು ಒಂದು ಪಟ್ಟಿ ಕೊಟ್ಟರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಕೆಳದವಡೆಯಲ್ಲಿ ಕೊಳೆತ ಎರಡು ಹಲ್ಲು, ಊದಿದ ವಸಡು. ಹಿಮೋಗ್ಲೋಬಿನ್ 9.4. ಅದಕ್ಕೆ ಕಾರಣವಾದ, ಮೇಷ್ಟ್ರ ಕೆಲಸದವರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳದ ಮೂಲವ್ಯಾಧಿ. ಸ್ವಲ್ಪ ದಣಿದಿರುವ ಮೂತ್ರಪಿಂಡ, ಕ್ರಿಯಾಟಿನಿನ್ 1.5. "ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ ಎದೆಗೆ ಕೈ ಹಾಕೋಣ" ಎಂದರು.

ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡ ಕಾಯಿಲೆಯಲ್ಲ. ತೊಂದರೆಯೆಂದರೆ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ವಸಡಿನ ಸೋಂಕು ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆ ಏರಿದ್ದರೆ ಹಲ್ಲು ಕಿತ್ತ ಗಾಯ ಬೇಗ ಮಾಯುವುದಿಲ್ಲ. ವಾರ್ಫರಿನ್ ನುಂಗುತ್ತಿರುವುದರಿಂದ ಹಲ್ಲು ಕಿತ್ತರೂ ರಕ್ತ, ಮೂಲವ್ಯಾಧಿಯಿಂದಲೂ ರಕ್ತ. ರಕ್ತ ಕಡಿಮೆಯಾದರೆ ಹೃದಯ ಇನ್ನೂ ಜೋರಾಗಿ ದುಡಿಯಬೇಕು, ಕಿರಿದಾದ ಕವಾಟಕ್ಕೆ ಅದೇ ದೊಡ್ಡ ಹೊರೆ. ನೋವಿಗೆ ಮಾತ್ರೆ ನುಂಗೋಣವೆಂದರೆ ಮೂತ್ರಪಿಂಡ ಬೇಡವೆನ್ನುತ್ತದೆ. ನೂಲಿನ ಉಂಡೆ ಸಿಕ್ಕಾದಾಗ ಸಿಕ್ಕಿದ ಎಳೆಯನ್ನು ಎಳೆದರೆ ಗಂಟು ಇನ್ನೂ ಬಿಗಿಯಾಗುತ್ತದಲ್ಲ, ಹಾಗೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ಮುಖ್ಯ.

ಪ್ರಯೋಗಶಾಲೆಯ ಅಭ್ಯಾಸದಂತೆ ಒಂದು ಹಾಳೆ ತೆಗೆದುಕೊಂಡೆ. ಎಡಗಡೆ ಕಾಯಿಲೆಗಳು, ಮಧ್ಯೆ ನುಂಗುವ ಮಾತ್ರೆಗಳು ಮತ್ತು ಅವುಗಳ ಪ್ರಮಾಣ, ಬಲಗಡೆ ಕಳೆದ ಪರೀಕ್ಷೆಗಳ ಅಂಕಿಗಳು ಮತ್ತು ತಾರೀಕು. ಮೇಲೆ ದೊಡ್ಡ ಅಕ್ಷರದಲ್ಲಿ 'ವಾರ್ಫರಿನ್ ಸೇವಿಸುತ್ತಿದ್ದಾರೆ, ಮೂತ್ರಪಿಂಡದ ತೊಂದರೆ ಇದೆ' ಎಂದು ಬರೆದೆ. ಅದರ ಐದು ಪ್ರತಿ ಜೆರಾಕ್ಸ್ ಮಾಡಿಸಿ, ಯಾವ ಡಾಕ್ಟರ ಹತ್ತಿರ ಹೋದರೂ ಬಾಯಿ ತೆರೆಯುವ ಮೊದಲು ಹಾಳೆ ಮುಂದಿಟ್ಟೆ. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗವನ್ನು ಬಲ್ಲರು. ಎಲ್ಲ ಅಂಗಗಳೂ ಒಟ್ಟಿಗೆ ಇರುವುದು ರೋಗಿಯ ಹತ್ತಿರ ಮಾತ್ರ.

ಆ ಹಾಳೆಯ ಬೆಲೆ ಗೊತ್ತಾದದ್ದು ಹಲ್ಲಿನ ದವಾಖಾನೆಯಲ್ಲಿ. ಬಾಯಲ್ಲಿರುವ ಬ್ಯಾಕ್ಟೀರಿಯಾ ಕೊಳೆತ ಹಲ್ಲಿನ ಮೂಲಕ ರಕ್ತಕ್ಕೆ ಇಳಿದು ಹೊಸದಾಗಿ ಕೂರಿಸಿದ ಕವಾಟದ ಮೇಲೆ ಮನೆಮಾಡಿದರೆ, ಆ ಸೋಂಕು ಪ್ರಾಣಾಂತಿಕ. ಆದ್ದರಿಂದಲೇ ಹಲ್ಲು ಮೊದಲು. ಹೃದಯದ ಡಾಕ್ಟರು ಹೇಳಿದಂತೆ ಒಂದು ಗಂಟೆ ಮುಂಚೆ ಅಮಾಕ್ಸಿಸಿಲಿನ್ ನುಂಗಿ, ಅಂದು ಬೆಳಿಗ್ಗೆಯೇ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿದ್ದೆ. ಹಲ್ಲುಗಳು ಹೊರಬಂದವು. ಹತ್ತಿ ಬಟ್ಟೆ ಕಚ್ಚಿಕೊಂಡು ಕೂತಿದ್ದಾಗ ದಂತವೈದ್ಯರು ಅಭ್ಯಾಸಬಲದಿಂದ ನೋವಿಗೆ ಡೈಕ್ಲೋಫಿನಾಕ್ ಬರೆದರು. ಬರೆದವರೇ ಪಕ್ಕದಲ್ಲಿದ್ದ ಹಾಳೆಯನ್ನು ಇನ್ನೊಮ್ಮೆ ನೋಡಿ ಹೊಡೆದುಹಾಕಿ ಪ್ಯಾರಾಸಿಟಮಾಲ್ ಬರೆದರು. ವಾರ್ಫರಿನ್ ಜೊತೆ ಆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡವೂ ಸೊರಗುತ್ತದೆ. "ಒಳ್ಳೆ ಹಾಳೆ ಸಾರ್ ಇದು" ಎಂದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಜ್ಜ, ಅಜ್ಜಿ ಏಳೆಂಟು ಬಗೆಯ ಮಾತ್ರೆ ನುಂಗುತ್ತಾರೆ! ಅವುಗಳ ಹೆಸರು ಯಾರಿಗೂ ಬಾಯಿಗೆ ಬರುವುದಿಲ್ಲ. 'ಬೆಳಿಗ್ಗೆ ಬಿಳಿ ಮಾತ್ರೆ, ರಾತ್ರಿ ಹಳದಿ ಮಾತ್ರೆ' ಎನ್ನುತ್ತಾರೆ. ವಿದ್ಯಾರ್ಥಿಗಳೇ, ಈ ಭಾನುವಾರ ಅರ್ಧ ಗಂಟೆ ಕೂತು ನಿಮ್ಮ ಮನೆಯ ಹಿರಿಯರಿಗೆ ಇಂಥ ಒಂದು ಹಾಳೆ ಬರೆದುಕೊಡಿ. ನಿಮ್ಮ ಅಕ್ಷರ ದುಂಡಗಿದ್ದರೆ ಇನ್ನೂ ಒಳ್ಳೆಯದು.

ಹಲ್ಲಿನ ಗಾಯ ಮಾಯುತ್ತಿದ್ದಂತೆ ಸಕ್ಕರೆಯ ಸರದಿ. ನನ್ನ ಎಚ್‌ಬಿಎ1ಸಿ 9.1 ಇತ್ತು. ಇದೊಂದು ಸೊಗಸಾದ ಪರೀಕ್ಷೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತ ಹೋಗುತ್ತದೆ. ಎಷ್ಟು ಅಂಟಿದೆ ಎಂದು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಹಿಂದಿನ ದಿನ ಉಪವಾಸ ಮಾಡಿ, ಬೆಳಿಗ್ಗೆ ಎರಡು ಸುತ್ತು ಜೋರಾಗಿ ನಡೆದು ಪಾಸಾಗುವ ಪರೀಕ್ಷೆ ಇದಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಹಿಡಿದು ಕೂರುವ ನನ್ನ ಶಿಷ್ಯರಿಗೆ ಇದನ್ನು ಹೇಳಿದಾಗ, ಹಿಂದಿನ ಬೆಂಚಿನಿಂದ "ಹಾಗಾದ್ರೆ ಕಷ್ಟ ಸಾರ್" ಎಂಬ ದನಿ ಬಂತು.

ಸಕ್ಕರೆ ಹೆಚ್ಚಿದ್ದಾಗ ಎದೆಯ ಮೂಳೆಯನ್ನು ಸೀಳಿದರೆ ಆ ಗಾಯಕ್ಕೆ ಕೀವು ತುಂಬುವ ಅಪಾಯ ಹೆಚ್ಚು. ಹಾಗಾಗಿ ಮಾತ್ರೆ ಸಾಲದೆಂದು ಇನ್ಸುಲಿನ್ ಶುರುಮಾಡಿದರು. ಇನ್ಸುಲಿನ್ ಎಂದರೆ ಕೊನೆಯ ಘಟ್ಟ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ವಿಷಯ ತಿಳಿದು ನನ್ನ ಅಕ್ಕ ದಾವಣಗೆರೆಯಿಂದ ಫೋನು ಮಾಡಿ ಅತ್ತಳು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ ಮೊದಲ ಸಲ ಈ ಚುಚ್ಚುಮದ್ದು ಪಡೆದು ಸಾವಿನ ಬಾಗಿಲಿಂದ ಹಿಂದೆ ಬಂದ ಕಥೆಯನ್ನು ಅವಳಿಗೆ ಹೇಳಿದೆ. "ಕಥೆ ಇರಲಿ, ಬೆಳಿಗ್ಗೆ ತಿಂಡಿಗೆ ಏನು ತಿಂತೀಯೋ?" ಎಂದಳು. ಅವಳ ಪ್ರಶ್ನೆಯೇ ಸರಿಯಾದದ್ದು. ಅನ್ನ ಅರ್ಧವಾಯಿತು, ಸಾರಿನ ಜೊತೆ ಕಾಳು, ಪಲ್ಯ ಹೆಚ್ಚಾಯಿತು, ನಾಲ್ಕನೇ ಬ್ಲಾಕಿಗೆ ಹೋದಾಗಲೆಲ್ಲ ಬಾಯಿಗೆ ಬೀಳುತ್ತಿದ್ದ ಸಿಹಿ ನಿಂತಿತು. ಉಸಿರು ಬಿಟ್ಟಷ್ಟು ದೂರ ಮಾತ್ರ ಸಮತಟ್ಟು ಜಾಗದಲ್ಲಿ ನಡಿಗೆ. ಮೂರೂವರೆ ತಿಂಗಳಲ್ಲಿ 7.4.

ಅದೇ ಹೊತ್ತಿಗೆ ರಕ್ತದ ಕೆಲಸವೂ ನಡೆದಿತ್ತು. ಮೂಲವ್ಯಾಧಿಯನ್ನು ಈಗಲೇ ಸರಿಪಡಿಸಬೇಕು ಎಂದು ಡಾಕ್ಟರು ಪಟ್ಟುಹಿಡಿದದ್ದಕ್ಕೆ ಎರಡು ಕಾರಣ. ಸೋರುವ ತೊಟ್ಟಿಗೆ ನೀರು ತುಂಬಿಸಿ ಪ್ರಯೋಜನವಿಲ್ಲ ಎಂಬುದು ಒಂದು. ಕವಾಟ ಬದಲಿಸಿದ ಮೇಲೆ ಬದುಕಿರುವವರೆಗೂ ವಾರ್ಫರಿನ್ ನುಂಗಬೇಕಾಗುತ್ತದೆ, ಆಗ ಸಣ್ಣ ಸೋರಿಕೆಯೂ ದೊಡ್ಡದಾದೀತು ಎಂಬುದು ಇನ್ನೊಂದು. ಪುಟ್ಟ ರಬ್ಬರ್ ಬಳೆ ಹಾಕಿ ಅದನ್ನು ಒಣಗಿಸುವ ಸಣ್ಣ ಚಿಕಿತ್ಸೆಯಾಯಿತು. ಕಬ್ಬಿಣದ ಮಾತ್ರೆ ಶುರುವಾಯಿತು. ಮಾತ್ರೆಯ ಜೊತೆಗೇ ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ, ನಿಂಬೆರಸ ಕುಡಿದರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಬೆಂಗಳೂರಿನ ದಕ್ಷಿಣ ಭಾಗದವನಿಗೆ ಬೆಳಗಿನ ಫಿಲ್ಟರ್ ಕಾಫಿಯನ್ನು ಎರಡು ಗಂಟೆ ಮುಂದಕ್ಕೆ ಹಾಕು ಎನ್ನುವುದು ಆಪರೇಷನ್ನಿಗಿಂತ ಕಠಿಣ ಶಿಕ್ಷೆ. ಅದನ್ನೂ ಅನುಭವಿಸಿದೆ. ಹಿಮೋಗ್ಲೋಬಿನ್ 12.1ಕ್ಕೆ ಬಂತು.

ಕೊನೆಗೆ ಆಂಜಿಯೋಗ್ರಾಂ. ಕವಾಟ ಬದಲಿಸಲು ಎದೆ ತೆರೆಯುವ ಮೊದಲು ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ ತಡೆ ಇದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಎರಡನ್ನೂ ಒಟ್ಟಿಗೆ ಸರಿಪಡಿಸಬಹುದು. ಅದಕ್ಕೆ ಬಳಸುವ ಬಣ್ಣದ ದ್ರವ ಮೂತ್ರಪಿಂಡಕ್ಕೆ ಭಾರ. ಹಾಗಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ಸಲೈನ್ ಅಳತೆಯಾಗಿ ಕೊಟ್ಟು, ಮಣಿಕಟ್ಟಿನ ಮೂಲಕ ಕೊಳವೆ ತೂರಿಸಿ, ಆದಷ್ಟು ಕಡಿಮೆ ದ್ರವದಲ್ಲಿ ಮುಗಿಸಿದರು. ನಾಳಗಳು ಚೊಕ್ಕಟವಾಗಿದ್ದವು. ಎರಡು ದಿನ ಬಿಟ್ಟು ನೋಡಿದರೆ ಕ್ರಿಯಾಟಿನಿನ್ ಏರಿರಲಿಲ್ಲ. ಐದು ತಿಂಗಳಲ್ಲಿ ನಾನು ನಿರಾಳವಾಗಿ ನಿದ್ದೆ ಮಾಡಿದ ರಾತ್ರಿ ಅದು.

ಇನ್ನು ಉಳಿದದ್ದು ಯಾವ ಕವಾಟ ಎಂಬ ಪ್ರಶ್ನೆ. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಬಹುಮಟ್ಟಿಗೆ ವಾರ್ಫರಿನ್ ಬೇಡ. ಆದರೆ ಅದು ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಆಗ ಮತ್ತೆ ಶಸ್ತ್ರಚಿಕಿತ್ಸೆ. ಲೋಹದ ಕವಾಟ ಬಾಳಿಕೆ ಬರುತ್ತದೆ, ಆದರೆ ಜೀವನಪೂರ್ತಿ ವಾರ್ಫರಿನ್. ನನ್ನ ಹೃತ್ಕರ್ಣ ತಾಳ ತಪ್ಪಿರುವುದರಿಂದ ಹೇಗೂ ಆ ಮಾತ್ರೆ ತಪ್ಪಿದ್ದಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ಇನ್ನಷ್ಟು ದಣಿದ ಮೂತ್ರಪಿಂಡ ಇಟ್ಟುಕೊಂಡು ಎರಡನೇ ಸಲ ಎದೆ ಸೀಳಿಸಿಕೊಳ್ಳುವುದು ಬೇಡವೆಂದು ಲೋಹದ್ದನ್ನೇ ಒಪ್ಪಿದೆ. ಪದೇ ಪದೇ ರಕ್ತಪರೀಕ್ಷೆ ಕೇಳದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಕೇಳಿದೆ. ಲೋಹದ ಕವಾಟ ಇರುವವರಲ್ಲಿ ಅಂಥ ಒಂದು ಮಾತ್ರೆಯ ಪ್ರಯೋಗವನ್ನು ಅಪಾಯ ಹೆಚ್ಚೆಂದು ಮಧ್ಯದಲ್ಲೇ ನಿಲ್ಲಿಸಿದ್ದರು, ಅದರ ವರದಿ 2013ರಲ್ಲಿ ಬಂತು. ರುಮ್ಯಾಟಿಕ್ ಹೃದ್ರೋಗದವರಲ್ಲಿಯೂ ವಾರ್ಫರಿನ್ ಜಾತಿಯ ಮಾತ್ರೆಯೇ ಮೇಲೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಹಳೆಯದೇ ಗೆದ್ದಿತು.

ಲೋಹದ ಕವಾಟದ ವಿಷಯದಲ್ಲಿ ನಮ್ಮ ದೇಶದ ಒಂದು ಕಥೆಯಿದೆ. ಮೊದಮೊದಲು ಕವಾಟಗಳೆಲ್ಲ ಪರದೇಶದಿಂದಲೇ ಬರಬೇಕಾಗಿತ್ತು. ರುಮ್ಯಾಟಿಕ್ ಜ್ವರ ಬಡವರ ಮನೆಯ ಕಾಯಿಲೆ. ಅವರಿಗೆ ಆ ಬೆಲೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಇಲ್ಲೇ ಒಂದನ್ನು ಮಾಡಲು ಹೊರಟರು. ಮೂರು ಮಾದರಿಗಳು ಒಂದೊಂದು ಕಾರಣಕ್ಕೆ ಸೋತವು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರ ಎದೆಯಲ್ಲಿ ಕೂರಿಸಿದರು. ಗಟ್ಟಿ ಮಿಶ್ರಲೋಹದ ಚೌಕಟ್ಟು, ಅದರೊಳಗೆ ವಾಲಿ ತೆರೆದುಕೊಳ್ಳುವ ವಿಶೇಷ ಪ್ಲಾಸ್ಟಿಕ್ಕಿನ ಬಿಲ್ಲೆ, ಸುತ್ತಲೂ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಉಂಗುರ. ಟಿಟಿಕೆ ಚಿತ್ರಾ ಎಂಬ ಹೆಸರಿನ ಈ ಕವಾಟ ಇಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಕೂತಿದೆ. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದರು. 2024ರಲ್ಲಿ ತೀರಿಕೊಂಡರು.

ತರಗತಿಯಲ್ಲಿ ಈ ವಿಷಯ ಮುಚ್ಚಿಡಲಿಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ನಿಮ್ಮ ಎದೆ ಹತ್ತಿರ ಆಯಸ್ಕಾಂತ ತಂದ್ರೆ ಅಂಟಿಕೊಳ್ಳತ್ತಾ?" ಒಳ್ಳೆಯ ಪ್ರಶ್ನೆ. ಅಂಟುವುದಿಲ್ಲ, ಆ ಮಿಶ್ರಲೋಹವನ್ನು ಕಬ್ಬಿಣದಂತೆ ಆಯಸ್ಕಾಂತ ಎಳೆಯುವುದಿಲ್ಲ ಎಂದೆ. ಇನ್ನೊಬ್ಬಳು "ಹೃದಯ ಓಡ್ತಾ ಇರುವಾಗ ಹೇಗೆ ಸಾರ್ ಹೊಲಿಯೋದು?" ಎಂದಳು. ಅದಕ್ಕೆ ಉತ್ತರವಾಗಿ ಇಡೀ ಪಿರಿಯಡ್ಡು ಹೋಯಿತು. ಪೊಟ್ಯಾಸಿಯಂ ಹೆಚ್ಚಿರುವ ದ್ರವ ಹರಿಸಿ ಹೃದಯವನ್ನು ನಿಲ್ಲಿಸುತ್ತಾರೆ. ಆ ಹೊತ್ತು ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಹೊರಗಿನ ಯಂತ್ರ ಮಾಡುತ್ತದೆ. ಅಮೆರಿಕದ ಜಾನ್ ಗಿಬ್ಬನ್ ಎಂಬ ವೈದ್ಯರು ಆ ಯಂತ್ರವನ್ನು ಬಳಸಿ ಮೊದಲು ಯಶಸ್ಸು ಕಂಡದ್ದು 1953ರ ಮೇ 6ರಂದು. ಎಲ್ಲ ಹೇಳಿ ಮುಗಿಸಿದಾಗ ತರಗತಿ ಸದ್ದಿಲ್ಲದೆ ಕೂತಿತ್ತು. ನಿಲ್ಲಿಸುವುದು ತಮ್ಮ ಮೇಷ್ಟ್ರ ಹೃದಯವನ್ನು ಎಂಬುದು ಅವರಿಗೆ ಆಗ ಹೊಳೆದಿರಬೇಕು. ನನಗೂ.

ಭಯವಿಲ್ಲವೆಂದರೆ ಸುಳ್ಳಾದೀತು. ರಾತ್ರಿ ಎಚ್ಚರವಾದಾಗ ಅದು ಬರುತ್ತದೆ. ಆದರೆ ಮಾಡಲು ಕೆಲಸವಿದ್ದರೆ ಭಯಕ್ಕೆ ಕೂರಲು ಜಾಗ ಕಡಿಮೆ. ದಿನಕ್ಕೆ ಹಲವು ಸಲ ಪ್ಲಾಸ್ಟಿಕ್ಕಿನ ಒಂದು ಡಬ್ಬಿಯಿಂದ ಉಸಿರು ಎಳೆದು ಮೂರು ಚೆಂಡುಗಳನ್ನು ಮೇಲೆತ್ತುವ ಅಭ್ಯಾಸ ಮಾಡುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದಲ್ಲಿ ಕಫ ಕಟ್ಟದಿರಲು ಈಗಿನಿಂದಲೇ ಈ ವ್ಯಾಯಾಮ. ಮನೆಯ ಮುಂದಿನ ಪುಟ್ಟ ಹುಡುಗ ಅದನ್ನು ಆಟದ ಸಾಮಾನೆಂದು ತಿಳಿದು ಕೇಳಿಕೊಂಡು ಬಂದ. ಬ್ಯಾಂಕಿನ ಪುಸ್ತಕ, ಮನೆಯ ಪತ್ರ, ಭವಿಷ್ಯನಿಧಿಯ ಕಾಗದ ಎಲ್ಲವನ್ನೂ ಶ್ರೀಮತಿಗೆ ತೋರಿಸಿ ಹೇಳಿಕೊಟ್ಟೆ. ಮೊದಲ ದಿನ ಅವಳು ನೋಡಲಾರೆನೆಂದು ಎದ್ದುಹೋದಳು. ಎರಡನೆಯ ದಿನ ತಾನೇ ಕನ್ನಡಕ ಹಾಕಿಕೊಂಡು ಬಂದು ಕೂತಳು. "ಸೊಪ್ಪು ಬಿಡಬೇಕಂತೆ ನಿಜವೇನ್ರೀ? ಬಸ್ಸಾರು ಇಲ್ಲದೆ ಹೇಗೆ?" ಎಂಬುದು ಅವಳ ಚಿಂತೆ. ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್ನಿಗೆ ಎದುರಾಳಿ. ಬಿಡಬೇಕಾಗಿಲ್ಲ, ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೆ. ಪ್ರತಿದಿನ ಹೆಚ್ಚುಕಡಿಮೆ ಒಂದೇ ಅಳತೆ ಇದ್ದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ಅಂತೂ ನಮ್ಮ ಬಸ್ಸಾರು ಉಳಿಯಿತು.

ರಕ್ತ ಕೊಡಲು ಹಳೆಯ ವಿದ್ಯಾರ್ಥಿಗಳು ಬಂದರು. ಈಗ ಬಿಟಿಎಂ ಲೇಔಟಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವರು, ಜೆ.ಪಿ. ನಗರದಲ್ಲಿ ಅಂಗಡಿ ಇಟ್ಟವರು. ಈಗ ಕಾಲೇಜು ಸೇರಿರುವ ಹದಿನೇಳರ ಹುಡುಗನೊಬ್ಬನೂ ತೋಳು ಮಡಿಸಿಕೊಂಡು ನಿಂತಿದ್ದ. ಹದಿನೆಂಟು ತುಂಬದೆ ತೆಗೆದುಕೊಳ್ಳುವುದಿಲ್ಲವೆಂದು ವಾಪಸು ಕಳಿಸಿದರು. "ಮುಂದಿನ ವರ್ಷ ಕೊಡ್ತೀನಿ ಸಾರ್" ಎಂದ. ಮುಂದಿನ ವರ್ಷ ನನಗೆ ಬೇಡಪ್ಪ, ಬೇರೆಯವರಿಗೆ ಕೊಡು ಎಂದೆ.

ಈ ಐದು ತಿಂಗಳಲ್ಲಿ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಿಂತಿರುವುದು ನನ್ನ ಕಾಯಿಲೆಯ ವಿಷಯವಲ್ಲ. ನಮ್ಮ ಶಾಲೆಯ ಎಂಟನೆಯ ತರಗತಿಯ ಒಬ್ಬ ಹುಡುಗಿಯದು. ಮೂರು ವಾರಕ್ಕೊಮ್ಮೆ ರಜೆ ಹಾಕುತ್ತಾಳೆಂದು ಹಾಜರಿ ಪುಸ್ತಕದಲ್ಲಿ ಗಮನಿಸಿದೆ. ವಿಚಾರಿಸಿದರೆ ಅವಳಿಗೂ ರುಮ್ಯಾಟಿಕ್ ಜ್ವರ ಬಂದಿತ್ತಂತೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು. ಆಟೋ ಓಡಿಸುವ ಅವಳ ತಂದೆ ಬಂದು ಕೈಮುಗಿದು ಹೇಳಿದರು: "ಯಾರಿಗೂ ಹೇಳ್ಬೇಡಿ ಸಾರ್, ಹೆಣ್ಣುಮಗು. ಈಗ ಚೆನ್ನಾಗೇ ಇದಾಳೆ, ಇಂಜೆಕ್ಷನ್ ನಿಲ್ಲಿಸ್ಬಿಡೋಣ ಅಂತಿದೀವಿ." ನಾನು ಅವರಿಗೆ ನನ್ನ ಎಕೋ ಕಾಗದ ತೋರಿಸಿದೆ. ನನಗೂ ಹನ್ನೊಂದನೇ ವರ್ಷದಲ್ಲಿ ಚೆನ್ನಾಗೇ ಇತ್ತು ಎಂದೆ. ಒಮ್ಮೆ ಬಂದವರಿಗೆ ಗಂಟಲಿನ ಸೋಂಕು ಮತ್ತೆ ಬಂದರೆ ಜ್ವರ ಮರುಕಳಿಸುತ್ತದೆ, ಪ್ರತಿ ಸಲವೂ ಕವಾಟಕ್ಕೆ ಇನ್ನಷ್ಟು ಪೆಟ್ಟು. ಆ ಚುಚ್ಚುಮದ್ದು ಅದನ್ನು ತಡೆಯುವ ಬೇಲಿ. ವರ್ಷಗಟ್ಟಲೆ ಬೇಕು, ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಬೇಕು. ಹೆಣ್ಣುಮಗುವೆಂದೇ ಇನ್ನೂ ಹೆಚ್ಚು ಜೋಪಾನ ಬೇಕು. ಮುಂದೆ ಗರ್ಭಿಣಿಯಾದಾಗ ಕಿರಿದಾದ ಕವಾಟ ತಾಯಿಗೆ ಅಪಾಯ, ಲೋಹದ ಕವಾಟವಾದರೆ ವಾರ್ಫರಿನ್ ಮಗುವಿಗೆ ಅಪಾಯ. ಅವರು ಬಹಳ ಹೊತ್ತು ಕಾಗದವನ್ನೇ ನೋಡಿದರು. ಹೋದ ವಾರ ಆ ಹುಡುಗಿ ರಜೆಚೀಟಿ ತಂದು ಕೊಟ್ಟಳು. ಕಾರಣ ಬರೆಯುವ ಕಡೆ 'ಪೆನಿಸಿಲಿನ್' ಎಂದು ತಂದೆಯೇ ಬರೆದಿದ್ದರು.

ಪೋಷಕರೇ, ಮಗುವಿಗೆ ಗಂಟಲು ನೋವಿನ ಜೊತೆ ಜ್ವರ ಬಂದು, ಕೆಮ್ಮು ನೆಗಡಿ ಇಲ್ಲದೆ, ಕತ್ತಿನಲ್ಲಿ ಗಂಟುಗಳು ಊದಿದ್ದರೆ ಡಾಕ್ಟರಿಗೆ ತೋರಿಸಿ. ಹತ್ತು ದಿನದ ಮಾತ್ರೆ ಬರೆದುಕೊಟ್ಟರೆ ಮೂರನೇ ದಿನ ಗುಣವಾಯಿತೆಂದು ನಿಲ್ಲಿಸದೆ ಹತ್ತೂ ದಿನ ಕೊಡಿ. ಕೀಲು ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತಿದ್ದರೆ ಎಣ್ಣೆ ಹಚ್ಚಿ ಸುಮ್ಮನಿರಬೇಡಿ.

ನನ್ನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಐದು ದಿನ ಮುಂಚೆ ವಾರ್ಫರಿನ್ ನಿಲ್ಲಿಸಿ ಹೆಪಾರಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು. ನನ್ನ ತರಗತಿಗಳನ್ನು ಹೊಸದಾಗಿ ಬಂದಿರುವ ಮೇಡಂಗೆ ಒಪ್ಪಿಸಿದ್ದೇನೆ. ಬೆಳಕಿನ ಪಾಠ, ವಿದ್ಯುತ್ತಿನ ಪಾಠ ಮುಗಿಸಿಬಿಡಿ, ರಕ್ತಪರಿಚಲನೆಯ ಪಾಠವೊಂದನ್ನು ಮಾತ್ರ ಬಿಟ್ಟಿರಿ, ಬಂದು ನಾನೇ ಮಾಡುತ್ತೇನೆ ಎಂದು ಕೇಳಿಕೊಂಡಿದ್ದೇನೆ.